ಇಂಗ್ಲಿಷಿನಲ್ಲಿ ನಾಳೆಯ ಮಾತು

ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯು ಇಂಗ್ಲಿಷಿನ ಭೂತಕಾಲದಲ್ಲಿ ಎಡವಿದರೆ ಅದು ಕೇವಲ ವ್ಯಾಕರಣದೋಷವೆಂದು ಕೇಳಿದವರು ಕ್ಷಮಿಸಿಬಿಡುತ್ತಾರೆ. ಭವಿಷ್ಯದ ಮಾತಿನಲ್ಲಿ ಎಡವಿದರೆ ಹಾಗಲ್ಲ. ವಾಕ್ಯವು ಶುದ್ಧವಾಗಿಯೇ ಇರುತ್ತದೆ. ಕೆಡುವುದು ಆಡಿದವನನ್ನು ಕುರಿತು ಕೇಳಿದವರಲ್ಲಿ ಮೂಡುವ ಅಭಿಪ್ರಾಯ. ನಾಳಿನ ಸಮಾರಂಭಕ್ಕೆ ಬರುವೆಯಾ ಎಂದು ವಿಚಾರಿಸಿದ ಹಿರಿಯರಿಗೆ ಹುಡುಗನೊಬ್ಬನು ‘ಐ ವಿಲ್ ನಾಟ್ ಕಮ್’ ಎಂದನೆನ್ನೋಣ. ಊರಿಗೆ ಹೋಗಬೇಕಾಗಿರುವುದರಿಂದ ಬರಲಾಗುವುದಿಲ್ಲವೆಂಬುದು ಅವನ ಮನಸ್ಸಿನಲ್ಲಿದ್ದ ಮಾತು. ಇಂಗ್ಲಿಷನ್ನು ಚೆನ್ನಾಗಿ ಬಲ್ಲವರ ಕಿವಿಗೆ ಅನೇಕ ವೇಳೆ ಕೇಳಿಸುವುದು ‘ಬರಲೊಲ್ಲೆ’ ಎಂಬ ಹಟ. ‘ಐ ಕಾಂಟ್ ಕಮ್, ಸರ್, ಐ ಆ್ಯಮ್ ಗೋಯಿಂಗ್ ಹೋಮ್ ಟುಮಾರೋ’ ಎಂದಿದ್ದರೆ ವಿನಯಕ್ಕೆ ಕುಂದು ಬರುತ್ತಿರಲಿಲ್ಲ.

ಈ ತೊಡಕಿಗೆ ವಿದ್ಯಾರ್ಥಿಯ ಅಲಕ್ಷ್ಯವು ಕಾರಣವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಮೊದಲ್ಗೊಂಡು ಕನ್ನಡ ವ್ಯಾಕರಣವು ಮೂರು ಕಾಲಗಳಿಗೆ ಮೂರು ಪ್ರತ್ಯಯಗಳನ್ನು ಹೇಳುತ್ತ ಬಂದಿದೆ. ಅದನ್ನು ಕಲಿತವನು ಇಂಗ್ಲಿಷಿನಲ್ಲಿಯೂ ಭವಿಷ್ಯತ್ತಿನ ಗುರುತೊಂದನ್ನು ಹುಡುಕಿ ‘ವಿಲ್’ ಎಂಬುದನ್ನು ಹಿಡಿಯುತ್ತಾನೆ. ಆದರೆ ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯತ್ ಪ್ರತ್ಯಯವೇ ಇಲ್ಲ. 1985ರಲ್ಲಿ ಪ್ರಕಟವಾದ ಕ್ವರ್ಕ್ ಮತ್ತು ಸಹಲೇಖಕರ ಬೃಹತ್ ವ್ಯಾಕರಣವು ಇದನ್ನು ಸ್ಪಷ್ಟಪಡಿಸಿದೆ. 1653ರಲ್ಲಿ ಜಾನ್ ವಾಲಿಸ್ ವಿವರಿಸಿದ ‘ಶಲ್’, ‘ವಿಲ್’ಗಳ ಭೇದವನ್ನು ರೆನ್ ಮತ್ತು ಮಾರ್ಟಿನ್ನರ ಪುಸ್ತಕದಿಂದ ನಮ್ಮ ಎಷ್ಟೋ ತಲೆಮಾರುಗಳು ಕಂಠಪಾಠ ಮಾಡಿದವು. ಇಂದಿನ ಆಡುಮಾತಿನಲ್ಲಿ ಅದು ಬಹುತೇಕ ಅಳಿದಿದೆ. ಆ ಪಾಠಕ್ಕೆ ವ್ಯಯವಾಗುವ ವೇಳೆಯನ್ನು ಬೇರೊಂದು ಭೇದಕ್ಕೆ ಕೊಡುವುದು ಲೇಸು.

ಆ ಭೇದವಾವುದೆಂದರೆ, ಸಂಕಲ್ಪವು ಯಾವಾಗ ಹುಟ್ಟಿತು, ಎಷ್ಟು ದೂರ ಸಾಗಿದೆ ಎಂಬುದು. ವಿದ್ಯಾರ್ಥಿನಿಲಯದ ನಲ್ಲಿಯೊಂದು ಸೋರುತ್ತಿದೆ. ಸುದ್ದಿಯನ್ನು ಆಗಷ್ಟೇ ಕೇಳಿದ ಮೇಲ್ವಿಚಾರಕರು ‘ಐ ವಿಲ್ ಕಾಲ್ ದಿ ಪ್ಲಂಬರ್’ ಎನ್ನುತ್ತಾರೆ. ನಿರ್ಧಾರವು ಮಾತಿನೊಡನೆಯೇ ಹುಟ್ಟಿತು. ಬೆಳಿಗ್ಗೆಯೇ ನೋಡಿ ಮನಸ್ಸು ಮಾಡಿದ್ದರೆ ‘ಐ ಆ್ಯಮ್ ಗೋಯಿಂಗ್ ಟು ಕಾಲ್ ದಿ ಪ್ಲಂಬರ್’ ಎನ್ನುವರು. ಅವನಿಗೆ ಹೇಳಿಕಳುಹಿಸಿ ಹೊತ್ತನ್ನೂ ಗೊತ್ತುಮಾಡಿದ್ದರೆ ‘ದಿ ಪ್ಲಂಬರ್ ಈಸ್ ಕಮಿಂಗ್ ಅಟ್ ಫೋರ್’. ಕೊನೆಯದು ವರ್ತಮಾನದ ರೂಪವಾದರೂ ಮೂರರಲ್ಲಿ ಅದೇ ಹೆಚ್ಚು ಭರವಸೆ ಕೊಡುವಂಥದು. ಮನುಷ್ಯರ ಏರ್ಪಾಡಿಗೆ ಮಾತ್ರ ಅದು ಸಲ್ಲುತ್ತದೆ. ನಾಳಿನ ಮಳೆಯನ್ನು ಯಾರೂ ಗೊತ್ತುಮಾಡಿರುವುದಿಲ್ಲವಾದ್ದರಿಂದ ‘ಇಟ್ ಈಸ್ ರೇನಿಂಗ್ ಟುಮಾರೋ’ ಎನ್ನುವಂತಿಲ್ಲ. ರೈಲಿನ ವೇಳಾಪಟ್ಟಿಗಾದರೋ ‘ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್’ ಎಂಬ ಸರಳ ವರ್ತಮಾನವೇ ಸಾಕು.

ಕನ್ನಡಿಗನಿಗೆ ಇದು ಅಪರಿಚಿತವೇನಲ್ಲ. ‘ನಾಳೆ ಧಾರವಾಡಕ್ಕೆ ಹೋಗುತ್ತೇನೆ’, ‘ಹೋಗಬೇಕೆಂದಿದ್ದೇನೆ’, ‘ಹೋಗುವವನಿದ್ದೇನೆ’ ಎಂಬ ಮೂರು ಮಾತುಗಳನ್ನು ಅವನು ಒಂದೇ ಎಂದು ಬಗೆಯುವುದಿಲ್ಲ. ಎರಡನೆಯದರಲ್ಲಿ ಇರಾದೆಯುಂಟು, ಮೂರನೆಯದರಲ್ಲಿ ಹೊರಡುವ ಸಿದ್ಧತೆಯುಂಟು. ಮೂರನ್ನೂ ‘ಐ ವಿಲ್ ಗೋ’ ಎಂಬ ಒಂದೇ ಅಚ್ಚಿಗೆ ಹಾಕಲು ಕಲಿಸಿದುದು ಪರೀಕ್ಷೆಯ ಅಭ್ಯಾಸಗಳು.

ಇದರ ನಷ್ಟವು ಸಂದರ್ಶನದ ಕೊಠಡಿಯಲ್ಲಿ ತೋರುತ್ತದೆ. ಪದವಿಯ ಅನಂತರದ ಯೋಜನೆಯೇನೆಂದು ಕೇಳಿದಾಗ ‘ಐ ವಿಲ್ ಡೂ ಬಿ.ಎಡ್.’ ಎಂದರೆ, ಎರಡು ವರ್ಷದಿಂದ ಹಣ ಕೂಡಿಸುತ್ತಿರುವ ತರುಣಿಯ ಗುರಿಯೂ ಆ ಕ್ಷಣದಲ್ಲಿ ಹೊಳೆದ ವಿಚಾರದಂತೆ ಕೇಳಿಸೀತು. ‘ಐ ಆ್ಯಮ್ ಗೋಯಿಂಗ್ ಟು ಡೂ ಬಿ.ಎಡ್.’ ಎಂಬುದು ಅವಳ ನಿಶ್ಚಯಕ್ಕೆ ನ್ಯಾಯ ಸಲ್ಲಿಸುತ್ತದೆ. ಪ್ರವೇಶ ದೊರೆತಿದ್ದರೆ ‘ಐ ಆ್ಯಮ್ ಸ್ಟಾರ್ಟಿಂಗ್ ಮೈ ಬಿ.ಎಡ್. ಇನ್ ಜುಲೈ’ ಎನ್ನಬಹುದು. ಇನ್ನೂ ತೂಗಿನೋಡುತ್ತಿದ್ದರೆ ‘ಐ ಆ್ಯಮ್ ಥಿಂಕಿಂಗ್ ಆಫ್ ಡೂಯಿಂಗ್ ಬಿ.ಎಡ್.’ ಎಂಬುದೇ ಪ್ರಾಮಾಣಿಕವಾದ ಉತ್ತರ.

ಹಾಗೆಂದು ‘ವಿಲ್’ ಅನ್ನು ಬಹಿಷ್ಕರಿಸಬೇಕಾಗಿಲ್ಲ. ವಚನ ಕೊಡುವಾಗ ಅದಕ್ಕೆ ಸಮಾನವಾದುದು ಬೇರಿಲ್ಲ. ‘ಐ ವಿಲ್ ರಿಟರ್ನ್ ದಿ ಬುಕ್ ಟುಮಾರೋ’ ಎಂದವನು ಮಾತು ಕೊಟ್ಟಂತಾಯಿತು.

ಒಂದು ಎಡೆಯಲ್ಲಂತೂ ಕನ್ನಡವೇ ದಾರಿ ತೋರುತ್ತದೆ. ‘ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್’ ಎಂದು ಬರೆಯುವ ವಿದ್ಯಾರ್ಥಿಯು ಕನ್ನಡದಲ್ಲಿ ‘ಅವನು ಬಂದಾಗ ಹೇಳುತ್ತೇನೆ’ ಎನ್ನುತ್ತಾನೆ. ಬರುವುದು ನಾಳೆಯಾದರೂ ‘ಬಂದಾಗ’ ಎಂಬಲ್ಲಿ ಭವಿಷ್ಯತ್ತಿನ ಗುರುತಿಲ್ಲ. ಇಂಗ್ಲಿಷಿನಲ್ಲಿಯೂ ಅಲ್ಲಿ ‘ವಿಲ್’ ಬೇಡ. ‘ವೆನ್ ಹಿ ಕಮ್ಸ್’ ಎಂದಿದ್ದರಾಯಿತು.