ಎಂಜಿನ್ ಯಾಕೆ ಹೀಗೆ ಚಾಚಿದೆ?

ಈ ಬೈಕಿನ ಎಂಜಿನ್
ಎರಡೂ ಪಕ್ಕಕ್ಕೆ ಯಾಕೆ ಚಾಚಿಕೊಂಡಿದೆ?

ಇದು ಮೋಟೊ ಗುಟ್ಸಿ ಕ್ಯಾಲಿಫೋರ್ನಿಯಾ 1400.
ಹೆಸರು ಅಮೆರಿಕದ್ದು, ಊರು ಇಟಲಿ.
ಕೋಮೋ ಸರೋವರದ ದಂಡೆ.

ಟ್ಯಾಂಕಿನ ಕೆಳಗೆ ನೋಡಿ.
ಹೋರಿಯ ಕೋಡಿನ ಹಾಗೆ ಎರಡು ಸಿಲಿಂಡರ್,
ಒಂದು ಎಡಕ್ಕೆ, ಒಂದು ಬಲಕ್ಕೆ!

ಬರೀ ಚಂದಕ್ಕಲ್ಲ.
ಓಡುವಾಗ ಎರಡಕ್ಕೂ ಎದುರುಗಾಳಿ ಬಡಿಯುತ್ತೆ,
ಬಿಸಿ ಇಳಿಯುತ್ತೆ.

ಒಳಗೆ ಕ್ರ್ಯಾಂಕ್‌ಶಾಫ್ಟ್ ಬೈಕಿನ ಉದ್ದಕ್ಕೇ ಮಲಗಿದೆ.
ಹಾಗಾಗಿ ಹಿಂದಿನ ಚಕ್ರ ತಿರುಗಿಸೋಕೆ ಚೈನ್ ಇಲ್ಲ, ಶಾಫ್ಟ್ ಇದೆ.
ಚೈನ್ ಬಿಗಿ ಮಾಡೋ ರಗಳೆಯೇ ಇಲ್ಲ.

ನನಗೆ ತುಂಬಾ ಇಷ್ಟ ಆಗೋದು ಇದು:
ನಿಂತಲ್ಲೇ ಆಕ್ಸಿಲರೇಟರ್ ತಿರುಗಿಸಿದ್ರೆ
ಆ ಕ್ರ್ಯಾಂಕ್‌ಶಾಫ್ಟ್ ತಿರುಗೋ ರಭಸಕ್ಕೆ ಇಡೀ ಬೈಕ್ ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತೆ!

ತೂಕ 300 ಕೆಜಿಗೂ ಮೇಲೆ.
ಆದರೆ ಎಂಜಿನ್ 1380 ಸಿಸಿ,
3000 ಆರ್‌ಪಿಎಂ ಮುಟ್ಟೋ ಮೊದಲೇ ಪೂರ್ತಿ ಎಳೆತ.
ಗೇರ್ ಇಳಿಸದೇ ಲಾರಿ ದಾಟಿ ಹೋಗಬಹುದು.