ಕಿಡ್ನಿಗೆ ದಾರಿ ಕೈಯಲ್ಲಿದೆ!

ಕಿಡ್ನಿಯ ರಕ್ತನಾಳ ಕಿರಿದಾಗಿದೆ ಅಂದುಕೊಳ್ಳಿ. ಒಳಗೆ ಬಲೂನು ತೂರಿಸಿ ಅದನ್ನು ಹಿಗ್ಗಿಸಬೇಕು. ಹೊಟ್ಟೆ ಕೊಯ್ಯುವಂತಿಲ್ಲ. ಎಲ್ಲಿಂದ ಹೋಗುತ್ತೀರಿ? ಹೇಳಿ ನೋಡೋಣ!

ಬೆನ್ನಿನಿಂದ? ಪಕ್ಕೆಯಿಂದ? ತೊಡೆಸಂದಿಯಿಂದ?

ತೊಡೆಸಂದಿ ಅಂದವರಿಗೆ ಅರ್ಧ ಅಂಕ. ಜೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ 1978ರಲ್ಲಿ ಕಿಡ್ನಿಯ ಬಲೂನು ಚಿಕಿತ್ಸೆಯನ್ನು ಲೋಕದ ಮುಂದಿಟ್ಟ ಮೇಲೆ ದಶಕಗಳ ಕಾಲ ಬಹುತೇಕ ಡಾಕ್ಟರುಗಳು ಹಿಡಿದದ್ದು ಅದೇ ದಾರಿ.

ಇನ್ನರ್ಧ ಅಂಕ ಬೇಕೇ? ಎಡಗೈ ಚಾಚಿ. ಹೆಬ್ಬೆರಳಿನ ಬುಡದಿಂದ ಸ್ವಲ್ಪ ಕೆಳಗೆ, ಪಂಡಿತರು ನಾಡಿ ಹಿಡಿಯುತ್ತಾರಲ್ಲ, ಅಲ್ಲಿ ಎರಡು ಬೆರಳಿಡಿ. ಮಿಡಿಯಿತೇ? ಅದೇ ಬಾಗಿಲು! ಮಣಿಕಟ್ಟಿನಿಂದ ಕಿಡ್ನಿಗೆ!

ಆ ನಾಳ ಎಷ್ಟು ದಪ್ಪವಿರಬಹುದು? ಪೆನ್ಸಿಲಿನಷ್ಟು? ಊಹೂಂ. ಹೆಚ್ಚಿನವರಲ್ಲಿ 2ರಿಂದ 3 ಮಿ.ಮೀ. ಅಷ್ಟೇ! ಅದರೊಳಗೆ ಹೋಗುವ ಸಪೂರ ಕೊಳವೆ, ಅಂದರೆ ಕ್ಯಾತಿಟರ್? ಡಾಕ್ಟರುಗಳ ಲೆಕ್ಕದಲ್ಲಿ ‘6 ಫ್ರೆಂಚ್’. ಅಂದರೆ 2 ಮಿ.ಮೀ.! ಇಕ್ಕಟ್ಟೆಂದರೆ ಇದು!

ಸಾಲದ್ದಕ್ಕೆ ಈ ನಾಳಕ್ಕೆ ಮಹಾ ಸಂಕೋಚ. ಏನಾದರೂ ತಗುಲಿದರೆ ನಾಚಿಕೆಮುಳ್ಳಿನ ಹಾಗೆ ಮುದುಡಿಕೊಂಡುಬಿಡುತ್ತದೆ. ಅದಕ್ಕೇ ಮೊದಲು ನೈಟ್ರೋಗ್ಲಿಸರಿನ್, ವೆರಪಮಿಲ್‌ನಂಥ ಔಷಧಿ ಕೊಟ್ಟು ಅದನ್ನು ಸಡಿಲಿಸುತ್ತಾರೆ. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್.

ಆಮೇಲೆ ಶುರು! ತಂತಿ ಮುಂದೆ, ಕ್ಯಾತಿಟರ್ ಹಿಂದೆ. ಮೊಣಕೈ ದಾಟಿತು. ತೋಳು ದಾಟಿತು. ಕಂಕುಳು ದಾಟಿತು. ಕೊರಳೆಲುಬಿನ ಹಿಂದಿನಿಂದ ಹಾದು ಮಹಾಪಧಮನಿಗೆ ಬಿತ್ತು. ಎದೆಯುದ್ದಕ್ಕೂ ಇಳಿದು ಹೊಟ್ಟೆಗೆ! ಎತ್ತರದ ಆಳಾದರೆ 125 ಸೆಂ.ಮೀ. ಕ್ಯಾತಿಟರೇ ಬೇಕಾದೀತು. ಇಷ್ಟೆಲ್ಲ ನಡೆಯುವಾಗ ರೋಗಿ ಎಚ್ಚರವಾಗಿಯೇ ಇರಬಹುದು. ಮಣಿಕಟ್ಟಿಗೆ ಮರಗಟ್ಟಿಸುವ ಒಂದು ಚುಚ್ಚುಮದ್ದು, ಅಷ್ಟೇ. ಬಲೂನು ಉಬ್ಬುವ ಗಳಿಗೆಯಲ್ಲಿ ಪಕ್ಕೆ ಹಿಂಡಿದಂತಾದೀತು.

ಆದರೆ ಇಷ್ಟು ಸುತ್ತುವುದೇಕೆ? ತೊಡೆಸಂದಿಯೇ ಹತ್ತಿರವಲ್ಲವೇ?

ಮಜಾ ಇರುವುದೇ ಇಲ್ಲಿ! ಕಿಡ್ನಿಯ ನಾಳ ಮಹಾಪಧಮನಿಯಿಂದ ನೆಟ್ಟಗೆ ಅಡ್ಡಕ್ಕೆ ಕವಲೊಡೆಯುವುದಿಲ್ಲ. ಬಹಳ ಜನರಲ್ಲಿ ಅದು ಕೆಳಕ್ಕೆ ಓರೆ! ತೊಡೆಯಿಂದ ಬಂದ ತಂತಿ ಮೇಲೇರಬೇಕು, ತಲೆ ಬಗ್ಗಿಸಬೇಕು, ಮತ್ತೆ ಕೆಳಕ್ಕೆ ಹೊರಳಬೇಕು. ಕೈಯಿಂದ ಬಂದದ್ದೋ, ಮೊದಲೇ ಇಳಿಯುತ್ತಿದೆ. ಅದು ಇಳಿಯುವ ದಿಕ್ಕಿಗೇ ಕವಲಿನ ಬಾಯಿ! ಸಲೀಸಾಗಿ ಒಳಗೆ! ಇದನ್ನು ಓದಿದಾಗ ನಾನು ಕಾಗದದ ಮೇಲೆ ಗೆರೆ ಎಳೆದು ನೋಡಿ ಒಬ್ಬನೇ ನಕ್ಕುಬಿಟ್ಟೆ. ದೂರದ ದಾರಿಯೇ ನೇರದ ದಾರಿ!

ಎಡಗೈಯೇ ಯಾಕೆ? ಕಿಡ್ನಿಗೆ ಅದೇ ತುಸು ಹತ್ತಿರ. ಜೊತೆಗೆ, ಕತ್ತಿನಲ್ಲಿ ಮಿದುಳಿಗೆ ಏರುವ ದೊಡ್ಡ ನಾಳಗಳ ಬಾಯಿಯ ಮುಂದೆ ಹಾಯುವ ಪ್ರಮೇಯ ತಪ್ಪುತ್ತದೆ.

ಕೈಯ ನಾಳವೇ ಮುಚ್ಚಿಹೋದರೆ? ಆಗಾಗ ಮುಚ್ಚುವುದೂ ಉಂಟು. ಆದರೆ ಅಂಗೈಗೆ ನೀರುಣಿಸಲು, ಅಲ್ಲಲ್ಲ, ರಕ್ತ ಉಣಿಸಲು ಕಿರುಬೆರಳಿನ ಕಡೆಯಿಂದ ಇನ್ನೊಂದು ನಾಳವಿದೆ! ಹೆಚ್ಚಿನವರಲ್ಲಿ ಎರಡೂ ಅಂಗೈಯೊಳಗೆ ಕೂಡಿಕೊಂಡಿರುತ್ತವೆ. ಪರೀಕ್ಷೆ ನೋಡಿ: ಮುಷ್ಟಿ ಬಿಗಿಸಿ, ಎರಡೂ ನಾಳ ಒತ್ತಿ ಹಿಡಿದು, ಮುಷ್ಟಿ ಬಿಡಿಸಿದರೆ ಅಂಗೈ ಬಿಳಿಚಿಕೊಂಡಿರುತ್ತದೆ. ಕಿರುಬೆರಳಿನ ಕಡೆ ಮಾತ್ರ ಬಿಡಿ. ಕೆಂಪೇರಿತೇ? ಪಾಸು! ಇದರ ಮೂಲ ರೂಪವನ್ನು ಎಡ್ಗರ್ ಅಲೆನ್ ಎಂಬ ಡಾಕ್ಟರು ವಿವರಿಸಿದ್ದು 1929ರಲ್ಲಿ!

ಮುಗಿದ ಮೇಲೆ? ತೊಡೆಯಿಂದಾದರೆ ಕಾಲು ಮಡಚದೆ ಗಂಟೆಗಟ್ಟಲೆ ಅಂಗಾತ ಮಲಗಬೇಕು. ರಕ್ತ ಕಣ್ಣಿಗೆ ಕಾಣದಂತೆ ಹೊಟ್ಟೆಯ ಹಿಂಭಾಗಕ್ಕೆ ಸೋರುವ ಭಯವೂ ಇದೆ. ಕೈಗಾದರೆ ಗಾಳಿ ತುಂಬಿದ ಪಾರದರ್ಶಕ ಪಟ್ಟಿ. ಎದ್ದು ಕೂರಬಹುದು, ಕಾಫಿ ಕುಡಿಯಬಹುದು!

ಕಿಡ್ನಿಯ ನಾಳ ಕಿರಿದಾದವರಿಗೆಲ್ಲ ಈ ಚಿಕಿತ್ಸೆ ಬೇಕೇ? ಖಂಡಿತ ಇಲ್ಲ. ಕೊಬ್ಬು ಕಟ್ಟಿದ ಕಿಡ್ನಿ ನಾಳಗಳಿಗೆ ಔಷಧಿಯ ಜೊತೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಹಾಕಿದರೂ ಔಷಧಿಯೊಂದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ ಎಂದು 2014ರಲ್ಲಿ ಬಂದ ‘ಕೋರಲ್’ ಅಧ್ಯಯನ ಹೇಳಿತು. ಯಾರಿಗೆ ಬೇಕು ಎನ್ನುವುದು ಡಾಕ್ಟರ ತೀರ್ಮಾನ.

ಅಂದಹಾಗೆ, ಮಣಿಕಟ್ಟಿನ ಈ ದಾರಿ ಮೊದಲು ತೆರೆದದ್ದು ಹೃದಯಕ್ಕಾಗಿ. ಮಾಂಟ್ರಿಯಲ್‌ನ ಲೂಸಿಯೆನ್ ಕಾಂಪೊ 1989ರಲ್ಲಿ ಮಣಿಕಟ್ಟಿನಿಂದ ಮಾಡಿದ 100 ಹೃದಯ ಪರೀಕ್ಷೆಗಳ ವರದಿ ಕೊಟ್ಟರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನಂಡ್ ಕೀಮೆನೇಯ್ ಅದೇ ದಾರಿಯಲ್ಲಿ ಹೃದಯದ ನಾಳಗಳನ್ನು ಹಿಗ್ಗಿಸತೊಡಗಿದರು.

ಅಲ್ಲಿಗೇ ನಿಂತರೇ ಆತ? ಹೆಬ್ಬೆರಳನ್ನು ಹಿಂದಕ್ಕೆ ಸೆಟೆಸಿ. ಕೈಯ ಮೇಲ್ಭಾಗದಲ್ಲಿ, ಬೆರಳಿನ ಬುಡಕ್ಕೆ ಒಂದು ಗುಳಿ ಬಿತ್ತೇ? ನಶ್ಯ ಏರಿಸುವವರು ಚಿಟಿಕೆ ಪುಡಿ ಇಟ್ಟುಕೊಳ್ಳುವ ಜಾಗ. 2017ರಲ್ಲಿ ಕೀಮೆನೇಯ್ ವರದಿ ಮಾಡಿದರು: ಆ ಗುಳಿಯಿಂದಲೂ ಒಳಗೆ ಹೋಗಬಹುದು!