ಕೊಣಾಜೆಯ ಕಿರಣ ನೇರ ಹೋಗುವುದಿಲ್ಲ

ಮಂಗಳೂರಿನ ಬಿಕರ್ನಕಟ್ಟೆಯಿಂದ ನಂತೂರು, ಪಂಪ್‌ವೆಲ್ ದಾಟಿ, ನೇತ್ರಾವತಿ ಸೇತುವೆಯಾಚೆ ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿದರೆ ದೇರಳಕಟ್ಟೆ, ಆಮೇಲೆ ಕೊಣಾಜೆ. ಅಲ್ಲಿನ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಟ್ರಾನ್ ಎಂಬ ಯಂತ್ರವಿದೆ. ನಮ್ಮ ತುಮಕೂರಿನ ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರನ್ನು ಈಗ ಹೊತ್ತಿರುವ ಇಂದೋರಿನ ಕೇಂದ್ರದ ನೆರವಿನಿಂದ 1990ರ ದಶಕದಲ್ಲಿ ಅದು ಬಂತು. ರಷ್ಯದ ವಿಜ್ಞಾನಿ ವೆಕ್ಸ್ಲರ್ 1944ರಲ್ಲಿ ಸೂಚಿಸಿದ ತತ್ವದ ಮೇಲೆ ನಡೆಯುವ ಈ ಯಂತ್ರದಲ್ಲಿ ಎಲೆಕ್ಟ್ರಾನ್ ಕಾಂತಕ್ಷೇತ್ರದೊಳಗೆ ಸುತ್ತುತ್ತದೆ, ಸುತ್ತಿಗೊಮ್ಮೆ ಶಕ್ತಿ ಪಡೆಯುತ್ತದೆ, ಪ್ರತಿ ಸುತ್ತೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಕೊನೆಗೆ ಸುಮಾರು 80 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೊಂದಿಗೆ ಹೊರಬೀಳುತ್ತದೆ.

ಇಂಥ ಕಿರಣವನ್ನು ಅಕ್ರಿಲೇಟಿನಂಥ ಮಾನೋಮರ್ ದ್ರವದ ಮೇಲೆ ಬಿಟ್ಟರೆ ಬಿಸಿಯಿಲ್ಲದೆ, ರಾಸಾಯನಿಕ ಚಾಲಕವಿಲ್ಲದೆ ದ್ರವ ಗಟ್ಟಿಯಾಗುತ್ತದೆ. ಎಲೆಕ್ಟ್ರಾನ್ ಬಡಿದಲ್ಲಿ ಅಣು ಒಡೆದು, ಜೊತೆಗಾಣದ ಎಲೆಕ್ಟ್ರಾನ್ ಉಳ್ಳ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಪಕ್ಕದ ಅಣುವಿನ ದ್ವಿಬಂಧವನ್ನು ಬಿಡಿಸಿ ಅದಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ಇದೇ ಪಾಲಿಮರೀಕರಣ. ಗಾಳಿಯ ಆಮ್ಲಜನಕ ಈ ರ‍್ಯಾಡಿಕಲ್‌ಗಳನ್ನು ಕಬಳಿಸುವುದರಿಂದ ನೈಟ್ರೋಜನ್ ತುಂಬುವುದುಂಟು.

ತೊಡಕು ಇರುವುದು ಕಿರಣದ ನಡಿಗೆಯಲ್ಲಿ. ಎಲೆಕ್ಟ್ರಾನ್ ಬಹಳ ಹಗುರ. ಅದು ಹೊರಬರುವ ಲೋಹದ ಕಿಟಕಿ, ನಡುವಿನ ಗಾಳಿ, ಕೊನೆಗೆ ದ್ರವ, ಎಲ್ಲೆಡೆಯೂ ಪರಮಾಣು ಬೀಜಗಳು ಅದನ್ನು ಚೂರುಚೂರೇ ಓರೆಗೆ ತಳ್ಳುತ್ತವೆ. ಇದೇ ಚದುರಿಕೆ. ಕಿರಣ ಅಗಲವಾಗುತ್ತದೆ. ಓರೆಯಾಗಿ ಸಾಗಿದ ಎಲೆಕ್ಟ್ರಾನ್ ಅಷ್ಟೇ ದಪ್ಪದ ಪದರದಲ್ಲಿ ಹೆಚ್ಚು ದೂರ ನಡೆಯಬೇಕು, ಹೆಚ್ಚು ಶಕ್ತಿ ಸುರಿಯಬೇಕು. ಅದಕ್ಕೇ ಅತಿ ಹೆಚ್ಚಿನ ಡೋಸ್ (ದ್ರವ ಹೀರುವ ಶಕ್ತಿ) ಬೀಳುವುದು ಮೇಲ್ಮೈಯಲ್ಲಲ್ಲ, ಅದರ ಕೆಳಗೆ. ನೀರಿನಷ್ಟು ಸಾಂದ್ರತೆಯ ದ್ರವದಲ್ಲಿ ಈ ಕಿರಣ ಸುಮಾರು 4 ಸೆಂಟಿಮೀಟರಿಗೆ ಮುಗಿಯುತ್ತದೆ. ತಳದ ತಟ್ಟೆ ಸೀಸದಂಥ ಭಾರದ ಲೋಹದ್ದಾದರೆ ಒಂದಷ್ಟು ಎಲೆಕ್ಟ್ರಾನ್‌ಗಳು ಹಿಂದಕ್ಕೆ ಚಿಮ್ಮುತ್ತವೆ. ಅಲ್ಯೂಮಿನಿಯಂನಿಂದ ಇದು ಕಡಿಮೆ.

ಡೋಸ್ ಬೀಳುವ ವೇಗ ನಾಲ್ಕು ಪಟ್ಟಾದರೆ ಪಾಲಿಮರೀಕರಣದ ವೇಗ ಎರಡೇ ಪಟ್ಟಾಗುತ್ತದೆ, ಸರಪಳಿಯ ಉದ್ದವೋ ಅರ್ಧಕ್ಕಿಳಿಯುತ್ತದೆ. ರ‍್ಯಾಡಿಕಲ್‌ಗಳು ದಟ್ಟವಾದಷ್ಟೂ ಒಂದನ್ನೊಂದು ಬೇಗ ಸೇರಿ ನಿಲ್ಲುತ್ತವೆ. ಹೀಗಾಗಿ ಚದುರಿಕೆಯಿಂದ ಡೋಸ್ ಏರುಪೇರಾಗಿ, ಒಂದೇ ತುಂಡಿನ ನಡುವೆ ಮೋಟು ಸರಪಳಿ, ಅಂಚಿನಲ್ಲಿ ಉದ್ದದ ಸರಪಳಿ, ಮೂಲೆಯಲ್ಲಿ ಹಸಿ ಮಾನೋಮರ್ ಉಳಿಯಬಹುದು. ದಪ್ಪದ ಮಾದರಿಯನ್ನು ತಿರುಗಿಸಿ ಎರಡೂ ಬದಿಯಿಂದ ಕಿರಣ ಹಾಯಿಸುವುದು ಇದಕ್ಕೇ.

ಪಾಲಿಮರ್ ಪ್ರಯೋಗದ ವರದಿ ಓದುವ ವಿದ್ಯಾರ್ಥಿಗಳೇ, ಡೋಸಿನ ಅಂಕಿಯೊಂದನ್ನೇ ನೆಚ್ಚಬೇಡಿ. ಮಾದರಿ ಎಷ್ಟು ದಪ್ಪವಿತ್ತು, ಕಿಟಕಿಯಿಂದ ಎಷ್ಟು ದೂರವಿತ್ತು, ಕೆಳಗಿನ ತಟ್ಟೆ ಯಾವ ಲೋಹದ್ದು ಎಂದೂ ಕೇಳಿ.